ಅಣ್ಣಾವ್ರು ಮತ್ತು ನಮ್ಮಣ್ಣ

ಏಪ್ರಿಲ್ ಬಂತೆಂದರೆ ನಮ್ಮ ಬೀದಿ ಕೊನೆಯ ಆಟೋ ಸ್ಟ್ಯಾಂಡಿನವರಿಗೆ ಬಿಡುವಿಲ್ಲ. 12ಕ್ಕೆ ಡಾ. ರಾಜ್‌ಕುಮಾರ್ ಅವರ ಪುಣ್ಯತಿಥಿ, 24ಕ್ಕೆ ಹುಟ್ಟುಹಬ್ಬ. ಮೊದಲನೆಯದಕ್ಕೆ ಫೋಟೋಗೆ ಹಾರ ಹಾಕಿ ಸುಮ್ಮನೆ ಕೈಮುಗಿಯುತ್ತಾರೆ. ಎರಡನೆಯದಕ್ಕೆ ಪಾನಕ, ಕೋಸಂಬರಿ. ಈಚೀಚೆಗೆ ಅಪ್ಪನ ಪಕ್ಕದಲ್ಲಿ ಮಗ ಪುನೀತ್ ಫೋಟೋವನ್ನೂ ಇಡುತ್ತಿದ್ದಾರೆ.

ಈ ಸಲದ ಹುಟ್ಟುಹಬ್ಬಕ್ಕೆ ಐದನೇ ಕ್ಲಾಸಿನ ಮೊಮ್ಮಗನನ್ನೂ ಕರೆದುಕೊಂಡು ಹೋಗಿದ್ದೆ. ಪಾನಕದ ಲೋಟ ಹಿಡಿದುಕೊಂಡು ಅವನು, "ತಾತ, ಇವ್ರು ಅಪ್ಪು ಅವರ ಅಪ್ಪ ಅಲ್ವಾ?" ಎಂದ. ಅಲ್ಲಿದ್ದವರೆಲ್ಲ ನಕ್ಕುಬಿಟ್ಟರು. ಆಮೇಲೆ ಒಬ್ಬೊಬ್ಬರೂ ಅವನಿಗೆ ಪಾಠ ಹೇಳಲು ಶುರುಮಾಡಿದರು.

ರಿಟೈರಾದ ಕಂಡಕ್ಟರೊಬ್ಬರು, "ಕದಂಬರ ಪಾಠ ಶಾಲೇಲಿ ನನ್ನ ತಲೆಗೆ ಹೋಗಲೇ ಇಲ್ಲ ಕಣಪ್ಪ. 'ಮಯೂರ' ನೋಡಿದ ಮೇಲೆ ಮಯೂರವರ್ಮ ನಮ್ಮನೆ ನೆಂಟ ಆಗೋದ" ಎಂದರು. ಹೂವಿನ ಅಂಗಡಿಯ ಅಮ್ಮನಿಗೆ 'ಭಕ್ತ ಕುಂಬಾರ'. ಮೈಮರೆತು ಮಣ್ಣು ತುಳಿಯುವಾಗ ಮಗು ಕಾಲಡಿಗೆ ಸಿಗುವ ದೃಶ್ಯ ಬಂದರೆ ಆಕೆ ಈಗಲೂ ಟಿವಿ ಮುಂದಿಂದ ಎದ್ದು ಅಡುಗೆಮನೆಗೆ ಹೋಗುತ್ತಾರಂತೆ. ಟೈಲರ್ ಮಾತ್ರ 'ಜೇಡರ ಬಲೆ'ಯ ಸಿಐಡಿ 999ರ ಪಕ್ಷ. ಮೊಮ್ಮಗನೂ ತಕ್ಷಣ ಅವರ ಪಕ್ಷ ಸೇರಿದ. 'ಭಕ್ತ ಪ್ರಹ್ಲಾದ'ದಲ್ಲಿ ಹಿರಣ್ಯಕಶಿಪುವಾಗಿ ಗರ್ಜಿಸುವ ಅಪ್ಪನ ಎದುರು ಕೈಮುಗಿದು ನಿಂತ ಹುಡುಗ ಅಪ್ಪು ಎಂದು ಗೊತ್ತಾದಾಗ ಅವನ ಕಣ್ಣು ಅರಳಿತು.

"ನಿಂಗ್ಯಾವುದು ತಾತ?" ಎಂದ.

"ಬಂಗಾರದ ಮನುಷ್ಯ" ಎಂದೆ. ಅದಕ್ಕಿಂತ ಹೆಚ್ಚು ಹೇಳಲು ಅಲ್ಲಿ ಆಗಲಿಲ್ಲ. ಮನೆಗೆ ಬಂದ ಮೇಲೆ ಹೇಳಿದೆ.

ನಮ್ಮದು ತುಮಕೂರು ಜಿಲ್ಲೆಯ ಒಂದು ಒಣ ಊರು. ಹತ್ತು ವರ್ಷದ ಹಿರಿಯ ನಮ್ಮಣ್ಣ ಬೆಂಗಳೂರಿನ ಮೆಜೆಸ್ಟಿಕ್ ಬಳಿಯ ಹೋಟೆಲಿನಲ್ಲಿ ಸಪ್ಲೈಯರ್. 1972ರಲ್ಲಿ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಟಾಕೀಸಿಗೆ 'ಬಂಗಾರದ ಮನುಷ್ಯ' ಬಂತು. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ. ವರ್ಷ ದಾಟಿದರೂ ಥಿಯೇಟರಿನಿಂದ ತೆಗೆಯಲಿಲ್ಲ. ಅದರಲ್ಲಿ ರಾಜೀವ ಎಂಬ ಯುವಕ ಹಳ್ಳಿಗೆ ಬಂದು, ಕಲ್ಲುಬಂಡೆಯ ಬರಡು ನೆಲ ಒಡೆದು, ಬಾವಿ ತೋಡಿ, ಅದನ್ನು ಹೊನ್ನು ಬೆಳೆಯುವ ತೋಟ ಮಾಡುತ್ತಾನೆ. ಅದನ್ನು ನೋಡಿ ಪಟ್ಟಣ ಬಿಟ್ಟು ಊರಿಗೆ ಮರಳಿದ ಹುಡುಗರ ಕಥೆ ನೀವೂ ಕೇಳಿರಬಹುದು. ಅಂಥವರಲ್ಲಿ ಒಬ್ಬ ನಮ್ಮ ಮನೆಯಲ್ಲೇ ಇದ್ದ.

ಅಣ್ಣ ಮೂರು ಸಲ ಸಿನಿಮಾ ನೋಡಿ, ನಾಲ್ಕನೇ ವಾರ ಟ್ರಂಕು ಹೊತ್ತು ಮನೆಗೆ ಬಂದ. ಜೊತೆಗೆ ರಾಜ್‌ಕುಮಾರ್ ಚಿತ್ರದ ಒಂದು ಕ್ಯಾಲೆಂಡರ್. ಅಪ್ಪ, "ಸಿನಿಮಾ ನೋಡ್ಕಂಡು ಬೇಸಾಯ ಮಾಡ್ತಾರೇನ್ಲಾ?" ಎಂದು ಕೂಗಾಡಿದರು. ಅಣ್ಣ ಮಾತಾಡಲಿಲ್ಲ. ಮಾರನೇ ದಿನ ಹಾರೆ ಗುದ್ದಲಿ ಹಿಡಿದು ಗುಡ್ಡದ ಪಕ್ಕದ ಕಲ್ಲುಹೊಲಕ್ಕೆ ಹೋದ.

ಸಿನಿಮಾದಲ್ಲಿ ಒಂದು ಹಾಡು ಮುಗಿಯುವಷ್ಟರಲ್ಲಿ ನೀರು ಬರುತ್ತದೆ. ನಮ್ಮ ಹೊಲದಲ್ಲಿ 15 ಅಡಿಗೆ ಬಂಡೆ ಬಂತು. ಸ್ಕೂಲು ಬಿಟ್ಟ ಮೇಲೆ ನಾನೂ ಮಂಕರಿಯಲ್ಲಿ ಮಣ್ಣು ಹೊರುತ್ತಿದ್ದೆ. ಬಂಡೆ ಸಿಡಿಸುವವರಿಗೆ ಕೊಡಲು ಅಮ್ಮನ ಗುಂಡಿನ ಸರ ಹೋಯಿತು. ಆಮೇಲೆ ಒಂದು ಜೊತೆ ಎತ್ತು. 35 ಅಡಿಗೂ ಒಣ ಕಲ್ಲೇ. ಆ ವರ್ಷ ನಾನು ಪಕ್ಕದೂರಿನ ಹೈಸ್ಕೂಲು ಸೇರಬೇಕಾಗಿತ್ತು. ಫೀಜಿಗೂ ಬಟ್ಟೆಗೂ ದುಡ್ಡಿರಲಿಲ್ಲ. ನನ್ನ ವಾರಿಗೆಯ ಹುಡುಗರು ಚೀಲ ಹಾಕಿಕೊಂಡು ಹೋಗುವಾಗ ನಾನು ಗೌಡರ ಮನೆಯ ದನ ಕಾಯುತ್ತಿದ್ದೆ.

ನನ್ನ ಸಿಟ್ಟೆಲ್ಲ ಕ್ಯಾಲೆಂಡರಿನ ಮೇಲೆ ತಿರುಗಿತು. ಒಂದು ಸಂಜೆ ಅದನ್ನು ಗೋಡೆಯಿಂದ ಕಿತ್ತು ನಾಲ್ಕು ತುಂಡು ಮಾಡಿದೆ. ಅಣ್ಣ ಹೊಲದಿಂದ ಬಂದ, ನೋಡಿದ, ಒಂದೇಟೂ ಹೊಡೆಯಲಿಲ್ಲ. ಊಟಕ್ಕೆ ಕೂತಾಗ ತನ್ನ ತಟ್ಟೆಯ ನಾಲ್ಕು ಅಗಳು ಅನ್ನ ಎತ್ತಿಟ್ಟುಕೊಂಡು, ಅದನ್ನೇ ಹಿಸುಕಿ, ಚೂರುಗಳನ್ನು ಅಂಟಿಸಿ ಮತ್ತೆ ತೂಗುಹಾಕಿದ. ಅದರ ಮುಖದ ಮೇಲೆ ಅಡ್ಡ ಒಂದು ಗೆರೆ ಉಳಿದೇ ಹೋಯಿತು.

ಮುಂದಿನ ವರ್ಷ ಹೊಲದ ತಗ್ಗಿನಲ್ಲಿ ಇನ್ನೊಂದು ಬಾವಿ ತೋಡಿದ. ಸೊಂಟದ ಮಟ್ಟ ನೀರು ಬಂತು, ಅಷ್ಟೇ. ಅದರಲ್ಲಿ ಬಂಗಾರ ಬೆಳೆಯಲಿಲ್ಲ. ಬದನೆ, ಮೆಣಸಿನಕಾಯಿ, ಅರ್ಧ ಎಕರೆ ರಾಗಿ ಬೆಳೆಯಿತು. ಒಂದು ವರ್ಷ ತಡವಾಗಿ ನಾನು ಹೈಸ್ಕೂಲು ಸೇರಿದ್ದು, ಮುಂದೆ ಕಾಲೇಜು ಮುಗಿಸಿ ಕೆಲಸ ಹಿಡಿದದ್ದು ಆ ಬದನೆಕಾಯಿಯಿಂದಲೇ.

ಟೂರಿಂಗ್ ಟಾಕೀಸು ನಮ್ಮೂರ ಹತ್ತಿರ ಟೆಂಟು ಹಾಕಿದಾಗ ಅಣ್ಣನೇ ನನ್ನನ್ನು ಆ ಸಿನಿಮಾಕ್ಕೆ ಕರೆದುಕೊಂಡು ಹೋದ. ನೆಲದ ಟಿಕೆಟ್ಟು. ಮರಳು ಗುಡ್ಡೆ ಮಾಡಿಕೊಂಡು ಕೂತೆವು. ಕೊನೆಯಲ್ಲಿ ರಾಜೀವ ತಾನು ಯಾರಿಗಾಗಿ ದುಡಿದನೋ ಅವರ ಮನೆಯಲ್ಲೇ ಕಟುಮಾತು ಕೇಳಿ, ಎಲ್ಲವನ್ನೂ ಬಿಟ್ಟು ನಡೆದು ಹೋಗುತ್ತಾನೆ. ನನಗೆ ತಡೆಯಲಾಗಲಿಲ್ಲ. ದಾರಿಯಲ್ಲಿ, "ಅಷ್ಟೆಲ್ಲ ಮಾಡಿ ಬರಿಗೈಲಿ ಹೋದನಲ್ಲಣ್ಣ" ಎಂದೆ. "ಬಾವಿ ಅಲ್ಲೇ ಇತ್ತಲ್ಲೋ" ಎಂದ ಅಣ್ಣ.

2000ದಲ್ಲಿ ವೀರಪ್ಪನ್ ರಾಜ್‌ಕುಮಾರ್ ಅವರನ್ನು ಗಾಜನೂರಿನಿಂದ ಕಾಡಿಗೆ ಎಳೆದುಕೊಂಡು ಹೋಗಿ 108 ದಿನ ಇಟ್ಟುಕೊಂಡಾಗ ಅಣ್ಣ ಶನಿವಾರ ಒಪ್ಪೊತ್ತು ಮಾಡುತ್ತಿದ್ದ. 2006ರ ಏಪ್ರಿಲ್ 12ರಂದು ಸುದ್ದಿ ಬಂದಾಗ ಬೆಂಗಳೂರಿಗೆ ಹೊರಟ. ಬಸ್ಸಿರಲಿಲ್ಲ. ಬೆಂಗಳೂರಿನಲ್ಲಿ ಬಸ್ಸಿಗೆ ಬೆಂಕಿ ಹಚ್ಚುತ್ತಿದ್ದರು, ಜೀವಗಳೂ ಹೋದವು. ಅದನ್ನು ಕೇಳಿ ಅಣ್ಣ, "ಅಭಿಮಾನಿಗಳನ್ನ ದೇವರು ಅಂತಿದ್ದೋರು ಕಣೋ, ಅವರ ಮಣ್ಣಿಗೆ ಇದನ್ನಾ ಕೊಡೋದು?" ಎಂದು ತಲೆ ತಗ್ಗಿಸಿ ಕೂತ.

ರಾಜ್‌ಕುಮಾರ್ ಅವರ ಕಣ್ಣು ದಾನವಾಗಿದ್ದನ್ನು ಪೇಪರಿನಲ್ಲಿ ಓದಿದವನು ನೇರ ನನಗೆ ಫೋನು ಮಾಡಿದ. "ನಂಗೂ ಒಂದು ಫಾರಂ ತಗಂಬಾ." ಅತ್ತಿಗೆ ಒಪ್ಪಲಿಲ್ಲ. ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡರಾಗಿ ಹುಟ್ಟುತ್ತಾರೆ ಎಂದು ಅತ್ತರು. ಅಣ್ಣ ನಕ್ಕ. "54ರಲ್ಲಿ 'ಬೇಡರ ಕಣ್ಣಪ್ಪ' ಮಾಡ್ದಾಗ ದೇವರಿಗೆ ಕಣ್ಣು ಕೊಟ್ರು. ಈಗ ಮನುಷ್ಯರಿಗೆ ಕೊಟ್ರು. ಅವರು ಕುರುಡರಾಗಿ ಹುಟ್ತಾರೇನೇ? ಆದ್ರೆ ನಾನೂ ಆಯ್ತೀನಿ ಬಿಡು." ಅತ್ತಿಗೆಯೂ ನಕ್ಕು ಸುಮ್ಮನಾದರು.

ಇನ್ನು ಮುಂದಿನದನ್ನು ಮೊಮ್ಮಗನಿಗೆ ಹೇಳುವಾಗ ನನ್ನ ದನಿ ಸಣ್ಣದಾಯಿತು. ಅಣ್ಣ ತೀರಿಕೊಂಡಿದ್ದು ಒಂದು ರಾತ್ರಿ ಹನ್ನೊಂದಕ್ಕೆ. ನಾನು ಅಲ್ಲೇ ಇದ್ದೆ. ಕಣ್ಣು ತೆಗೆದುಕೊಳ್ಳಲು ಆರು ಗಂಟೆಯೊಳಗೆ ಬರಬೇಕು, ಅದಕ್ಕೆ ಕೂಡಲೇ ತಿಳಿಸಬೇಕು ಎಂಬುದು ನನಗೆ ಗೊತ್ತಿತ್ತು. ಆದರೆ ಅಷ್ಟು ಜನ ಅಳುತ್ತಿರುವಾಗ ಆ ಮಾತು ಎತ್ತಲು ನಾಲಿಗೆ ಬರಲಿಲ್ಲ. ನೆಂಟರು ಏನಂದುಕೊಳ್ಳುತ್ತಾರೋ ಎಂದು ಹಿಂದೆಮುಂದೆ ನೋಡಿದೆ. ಬೆಳಗಿನ ಜಾವ ಐದಕ್ಕೆ ಅತ್ತಿಗೆಯೇ ಬಂದು, "ಕಣ್ಣಿನೋರಿಗೆ ಫೋನ್ ಮಾಡ್ದೇನಪ್ಪಾ?" ಎಂದು ಕೇಳಿದರು. ಬೇಡವೆಂದಿದ್ದವರು ನೆನಪಿಟ್ಟುಕೊಂಡಿದ್ದರು. ಫೋನು ಮಾಡಿದೆ. ಅವರು ನಮ್ಮ ಊರು ಎಷ್ಟು ದೂರ ಎಂದು ಕೇಳಿ, ಸಮಯ ಲೆಕ್ಕ ಹಾಕಿ, ಮೆತ್ತಗೆ ಆಗುವುದಿಲ್ಲ ಎಂದರು.

ಮೊಮ್ಮಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ನಿನ್ ಕಣ್ಣಿಗೆ ಆಪರೇಷನ್ ಆಗಿದೆಯಲ್ಲ, ನಿಂದು ತಗೋತಾರಾ?" ಎಂದ. ಪೊರೆಯ ಆಪರೇಷನ್ ಆದವರೂ, ಕನ್ನಡಕದವರೂ ಕೊಡಬಹುದು, ಬೇರೆಯವರಿಗೆ ಹಾಕುವುದು ಕಣ್ಣಿನ ಮುಂದಿನ ತೆಳ್ಳನೆಯ ಪಾರದರ್ಶಕ ಪಟಲವನ್ನು ಎಂದೆ. ಅಪ್ಪು ಕೊಟ್ಟಿದ್ದು ನಾಲ್ಕು ಜನಕ್ಕೆ ಬೆಳಕಾಯಿತು ಎಂದೂ ಹೇಳಿದೆ. ಆಗ ಫ್ಯಾನು ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಬೇಕು ಎಂಬುದನ್ನು ಎರಡು ಸಲ ಹೇಳಿಸಿಕೊಂಡ.

"ಯಾರೂ ಮಾಡ್ಲಿಲ್ಲ ಅಂದ್ರೆ ನಾನು ಮಾಡ್ತೀನಿ ಫೋನು" ಎಂದು ಸ್ಕೆಚ್ ಪೆನ್ನು ತಂದ. ನೇತ್ರ ಬ್ಯಾಂಕಿನ ನಂಬರನ್ನು ಬೀರುವಿನ ಬಾಗಿಲ ಒಳಗಡೆ ದೊಡ್ಡದಾಗಿ ಬರೆದ. ಅವಸರದಲ್ಲಿ ಒಂದು ಅಂಕಿ ಬಿಟ್ಟಿದ್ದ. ಒದ್ದೆ ಬಟ್ಟೆಯಲ್ಲಿ ಒರೆಸಿ ಇನ್ನೊಂದು ಸಲ ಬರೆಸಿದೆ.