ಪೆನ್ ಡ್ರೈವ್ ನನ್ನ ಕೈಯಾಗ, ಮಾಲಕರು ಯಾರೋ

ಈ ಸಲ ಚಟ್ನಿಪುಡಿ ಬಗ್ಗೆ ಬರೀತೀನಿ ಅಂತ ಹಾವೇರಿ ವೈನಿಗೆ ಮಾತು ಕೊಟ್ಟಿದ್ದೆ. ವೈನಿ, ಸಿಟ್ಟಾಗಬ್ಯಾಡ್ರಿ, ಶೇಂಗಾ ಹುರಿದು ಡಬ್ಬಿಯೊಳಗ ಹಂಗ ಇಟ್ಟೀನಿ. ನಡುವ ಒಂದು ಪೆನ್ ಡ್ರೈವ್ ಬಂದು ಕೂತದ. ಬೆರಳುದ್ದದ ಸಾಮಾನು, ಬೆಳಗಾವಿಗೆ ಹೋಗಿ ಬಂದು, ನನ್ನನ್ನೂ ನನ್ನ ತಂಗೀನ್ನೂ ಅಳಿಸಿ, ಈಗ ದೇವರ ಮನಿ ಗೂಡಿನ್ಯಾಗ ಕುಂಕುಮದ ಬಟ್ಟಲದ ಬಾಜೂಕ ಅದ. ನಿಮ್ಮ ಮನ್ಯಾಗೂ ಇಂಥಾವು ನಾಲ್ಕೈದು ಬಿದ್ದಿರ್ತಾವ, ಅದಕ್ಕ ಹೇಳತೀನಿ.

ನಮ್ಮವ್ವ ಹೋಗಿ ಐದು ವರ್ಷ ಆತು. ಅದರ ಹಿಂದಿನ ವರ್ಷ ನಾಲ್ಕು ತಿಂಗಳು ನಮ್ಮಲ್ಲೆ ಇದ್ಲು. ಮಧ್ಯಾಹ್ನ ಊಟ ಆದಮ್ಯಾಲೆ ಅಕ್ಕಿ ಆರಿಸಿಕೋತ ಕೂತ್ರ ತನ್ನಷ್ಟಕ್ಕ ತಾನ ಹಾಡತಿದ್ಲು. ತೊಟ್ಟಿಲ ಹಾಡು, ಆರತಿ ಹಾಡು, ಉರುಟಣಿ ಹಾಡು. "ರೆಕಾರ್ಡ್ ಮಾಡ್ತೀನಿ, ಹಾಡವ್ವಾ" ಅಂದ್ರ ಮಾತ್ರ ಬಾಯಿ ಮುಚ್ಚಿಬಿಡತಿದ್ಲು. ಅದಕ್ಕ ಮೊಬೈಲ್ ಅಕ್ಕಿ ಡಬ್ಬಿ ಹಿಂದ ಇಟ್ಟು ಸುಮ್ನ ಕೂಡತಿದ್ದೆ. ಹಂಗ ಕದ್ದು ಹಿಡಿದದ್ದು 43 ಹಾಡು. ನಡನಡುವ ಕುಕ್ಕರ್ ಸೀಟಿ, ಕಾಯಿಪಲ್ಲೆ ಮಾರಾಂವನ ಕೂಗು ಎಲ್ಲಾ ಕೇಳಸ್ತದ.

ಮೊಬೈಲ್ ಕೆಟ್ರ ಗತಿ ಏನು ಅಂತ ಅವನ್ನ ಲ್ಯಾಪ್‌ಟಾಪಿಗೆ ಹಾಕಿಸಿದೆ. ನಮ್ಮ ಲ್ಯಾಪ್‌ಟಾಪ್ ಹಳೇದು. ವಿಂಡೋಸ್ ಇದ್ದಾಗ ಚಹಾ ಕುದಿಸಿ ಸೋಸಿ ಕುಡಿದ್ರೂ ಅದು ಚಾಲೂ ಆಗಿರತಿರ್ಲಿಲ್ಲ. ಅದಕ್ಕ ಮಗ ಉಬುಂಟು ಅನ್ನೂ ಲಿನಕ್ಸ್ ಹಾಕಿ ಕೊಟ್ಟಾನ. ಅದರಾಗ ಅವನ ಹೆಸರಿಲೆ ಒಂದು ಖಾತೆ, ನನ್ನ ಹೆಸರಿಲೆ ಒಂದು. ಮೊದಲ ಅವಂದು ಮಾಡಿದ, ಆಮ್ಯಾಲೆ ನಂದು. ಈ ಮೊದಲು, ಆಮ್ಯಾಲೆ ಅನ್ನೂದನ್ನ ನೆನಪಿಟ್ಟುಕೋರಿ, ಕಥಿ ಎಲ್ಲಾ ಅದರ ಮ್ಯಾಲೆ ನಿಂತದ.

ಪೆನ್ ಡ್ರೈವ್ ನಾನ ತಂದದ್ದು, 32 ಜಿಬಿದು, ಕಾಯಿಪಲ್ಲೆ ರೊಕ್ಕದಾಗ ಉಳಿಸಿ. ಮಗ ತನ್ನ ಮದವಿ ವಿಡಿಯೋನೂ ಅದರಾಗ ಹಾಕಿಕೋತೀನಿ ಅಂದ. ಆ ವಿಡಿಯೋ ಒಳಗ ಹೋಗಲೇ ಇಲ್ಲ. ಅಂಗಡ್ಯಾಗಿಂದ ಬರೂವಾಗ ಅದರಾಗ ಫ್ಯಾಟ್ 32 ಅನ್ನೂ ಹಳೇ ಪದ್ಧತಿ ಇತ್ತಂತ. ಎಷ್ಟ ಜಾಗ ಖಾಲಿ ಇದ್ರೂ ಒಂದೊಂದು ಫೈಲು 4 ಜಿಬಿಗಿಂತ ಕಡಿಮಿನ ಇರಬೇಕಂತ. ಅಂವ ಅದನ್ನ ಪೂರ್ತಿ ಅಳಿಸಿ ಲಿನಕ್ಸಿಂದ ಇಎಕ್ಸ್‌ಟಿ4 ಅನ್ನೂ ಪದ್ಧತಿಗೆ ಫಾರ್ಮ್ಯಾಟ್ ಮಾಡಿದ. ವಿಡಿಯೋ ಹೋತು.

ಮರುದಿನ ನಾ ನನ್ನ ಖಾತೆಯಿಂದ ಅವ್ವನ ಹಾಡು ಹಾಕಲಿಕ್ಕೆ ಹೋದ್ರ, ನಿನಗ ಅಧಿಕಾರ ಇಲ್ಲ ಅಂತು. ರೊಕ್ಕ ನಂದು, ಪೆನ್ ಡ್ರೈವ್ ನಂದು, ಅಧಿಕಾರ ಇಲ್ಲಂತ! ಮಗಾ ನಕ್ಕೋತ ಕೂಡಿಸಿಕೊಂಡು ಹೇಳಿದ, ನಾ ನನ್ನ ರೀತಿ ಹೇಳತೀನಿ. ಮೊದಲ ನಾವು ಸ್ಟೀಲ್ ಪಾತ್ರಿ ಮ್ಯಾಲೆ ಹೆಸರು ಕೆತ್ತಸತಿದ್ವಲ್ಲ, ನಾಲ್ಕು ಮನಿ ತಿರುಗಿದ್ರೂ ಯಾರ ಪಾತ್ರಿ ಅಂತ ಗೊತ್ತಾಗಲಿ ಅಂತ. ಇಎಕ್ಸ್‌ಟಿ4 ಒಳಗ ಒಂದೊಂದು ಫೈಲಿಗೂ ಫೋಲ್ಡರಿಗೂ ಹಂಗ ಮಾಲಕರದೊಂದು ಗುರುತು ಕೆತ್ತಿರ್ತದ. ಆದ್ರ ಹೆಸರು ಅಲ್ಲ, ನಂಬರ. ಉಬುಂಟುನ್ಯಾಗ ಮೊದಲ ಮಾಡಿದ ಖಾತೆಗೆ 1000, ಎರಡನೇದಕ್ಕ 1001. ಫಾರ್ಮ್ಯಾಟ್ ಮಾಡಿದಾಂವ ಮಗ, ಅಂದ್ರ 1000. ನಾ 1001. ಪೆನ್ ಡ್ರೈವಿನ ತಲಬಾಗಲಕ್ಕ 1000 ಅಂತ ಕೆತ್ತಿತ್ತು, ಅದಕ್ಕ ನಾ ಒಳಗ ಇಣಿಕಿ ನೋಡಬಹುದಿತ್ತು, ಏನೂ ಇಡಲಿಕ್ಕೆ ಬರತಿರ್ಲಿಲ್ಲ. ಹಳೇ ಫ್ಯಾಟ್ ಒಳಗ ಈ ಕೆತ್ತೂ ಕೆಲಸಾನ ಇಲ್ಲ. ಯಾರ ಲ್ಯಾಪ್‌ಟಾಪಿಗೆ ಚುಚ್ಚತೀರೋ ಆವಾಗ ಅವರ ಮಾಲಕರು.

ಅಂವ ಅದರಾಗ "ಅವ್ವ" ಅಂತ ಒಂದು ಫೋಲ್ಡರ್ ಮಾಡಿ, ಅದರ ಮಾಲಕತ್ವ ನನ್ನ ಹೆಸರಿಗೆ ಬದಲಿ ಮಾಡಿ ಕೊಟ್ಟ. ಹೆಸರಿಗೆ ಅಂದೆ, ನಂಬರಿಗೆ. ಹಾಡೆಲ್ಲಾ ಒಳಗ ಹೋದವು.

ಕೀಲಿ ಹಾಕಿಸಿದ್ದು ಆಮ್ಯಾಲೆ. ಮೊಮ್ಮಗ ಸೂಟಿಗೆ ಬಂದಾಗ ಅದೂ ಇದೂ ಒತ್ತಿಕೋತ ಕೂತಿದ್ದ, ಎಲ್ಲರೆ ಒಂದು ಹಾಡು ಅಳಸಿಗಿಳಸಿದಾನು ಅಂತ ಹೆದರಿಕಿ ಆತು. ಫೋಲ್ಡರ್ ಮ್ಯಾಲೆ ಬಲಗಡೆ ಗುಂಡಿ ಒತ್ತಿ, ಪ್ರಾಪರ್ಟೀಸ್ ಒಳಗ ಪರ್ಮಿಶನ್ಸ್ ಅಂತ ಹೋದ್ರ ಮೂರು ಮಂದಿ ಪಂಕ್ತಿ ಕೂತಿರ್ತಾರ. ಒಬ್ಬರು ಮಾಲಕರು, ಎರಡನೇದು ಅವರ ಗುಂಪು, ಮೂರನೇದು ಉಳಿದ ಮಂದಿ. ಒಬ್ಬೊಬ್ಬರಿಗೆ ಏನೇನು ಬಿಡಬೇಕು ಅಂತ ನಾವ ಬಡಸಬೇಕು. ನೋಡೂದು ಬ್ಯಾರೆ, ಒಳಗಿಂದನ್ನ ತಿದ್ದೂದು ಅಳಸೂದು ಬ್ಯಾರೆ, ಫೋಲ್ಡರಿನ ಹೊಸ್ತಲಾ ದಾಟೂದು ಮತ್ತ ಬ್ಯಾರೆ. ಉಪ್ಪಿನಕಾಯಿ ಭರಣಿ ಇದ್ದಂಗ ಅನ್ರಿ. ಎಲ್ಲಾರೂ ಉಣಬಹುದು, ಆದ್ರ ಭರಣಿಯೊಳಗ ಕೈ ಹಾಕಾಕಿ ಒಬ್ಬಾಕಿನ. ಮೊಮ್ಮಗನ ಸಲುವಾಗಿ ಅಂದ್ರ ತಿದ್ದೂದೊಂದು ಬಂದ್ ಮಾಡಿದ್ರ ಸಾಕಿತ್ತು, ನೋಡಲಿಕ್ಕೆ ಬಿಡಬಹುದಿತ್ತು. ಮಗಾನೂ ಅದನ್ನ ಹೇಳಿದ. ನಾ ಬ್ಯಾಡ ಅಂದೆ. ನನ್ನ ಬಿಟ್ರ ಯಾರಿಗೂ ಏನೂ ಬ್ಯಾಡ ಅಂದೆ.

ಖರೆ ಹೇಳತೀನಿ, ಅದು ಮೊಮ್ಮಗನ ಹೆದರಿಕಿ ಅಷ್ಟ ಅಲ್ಲ. ಅದರಾಗ 31ನೇ ಹಾಡು ಒಂದದ, ಉರುಟಣಿ ಹಾಡು. ಅವ್ವ ಅರ್ಧಕ್ಕ ನಿಂದರ್ತಾಳ. ಅಕ್ಕಿ ಆರಸೂ ಸಪ್ಪಳ ಅಷ್ಟ ಕೇಳಸ್ತದ. ಆಮ್ಯಾಲೆ, "ಇದರ ಮುಂದಿಂದು ನನಗ ಮರತದ. ಸಣ್ಣಾಕಿಗೆ ಪೂರ್ತಿ ಬರ್ತದ, ಅಕೀನ್ನ ಕೇಳಿಕೋ" ಅಂತಾಳ. ಸಣ್ಣಾಕಿ ಅಂದ್ರ ನನ್ನ ತಂಗಿ. ಆವಾಗ ನಮ್ಮಿಬ್ಬರದು ಮಾತು ಬಂದ್ ಆಗಿತ್ತು, ಅಪ್ಪನ ಮನಿ ಮಾರೂದರ ಮ್ಯಾಲೆ. ಅದರ ವಿವರ ಇಲ್ಲೆ ಬ್ಯಾಡ, ನಿಮ್ಮಾಗ ಅರ್ಧ ಮಂದಿಗೆ ಗೊತ್ತದ. ಕೇಳಬೇಕಿತ್ತು, ಕೇಳಲಿಲ್ಲ. ಅವ್ವ ಹೋದಮ್ಯಾಲೆ ಆ ರೆಕಾರ್ಡ್ ಯಾರಿಗೂ ಕೇಳಸಲಿಕ್ಕೆ ಮನಸ್ಸು ಬರಲಿಲ್ಲ.

ಈ ವರ್ಷ ತಂಗಿ ಮಗಳ ಮದವಿ ನಿಶ್ಚಯ ಆತು. ಅಕಿನ ಫೋನ್ ಮಾಡಿದ್ಲು. "ಮೌಶಿ, ಅಜ್ಜಿ ಹಾಡು ನಿಮ್ಮ ಹತ್ರ ಅವಂತಲ್ಲ. ನನ್ನ ಉರುಟಣಿಗೆ ಬೇಕು, ತೊಗೊಂಡ ಬರ್ರಿ" ಅಂತ. ಕೂಸು ಕೇಳಿದ್ರ ಹೆಂಗ ಇಲ್ಲ ಅನ್ಲಿ? ಪೆನ್ ಡ್ರೈವ್ ಅರಿವಿಯೊಳಗ ಸುತ್ತಿ ಪರ್ಸಿನ್ಯಾಗ ಇಟಗೊಂಡು ಬೆಳಗಾವಿ ಬಸ್ ಹತ್ತಿದೆ.

ತಂಗಿ ಮಗಳು ಕಂಪ್ಯೂಟರ್ ಕಲತಾಕಿ, ಅಕಿ ಲ್ಯಾಪ್‌ಟಾಪಿನ್ಯಾಗೂ ಉಬುಂಟು. ಚುಚ್ಚಿದ ಕೂಡಲೆ ನನ್ನ ಮಗನ ಮದವಿ ಫೋಟೋ, ವಿಡಿಯೋ ಎಲ್ಲಾ ಛಂದ ತಗದವು. ಯಾಕಂದ್ರ ಅಕಿ ಲ್ಯಾಪ್‌ಟಾಪಿನ್ಯಾಗ ಅಕಿ ಮೊದಲನೇದಾಕಿ, 1000. ನನ್ನ ಮಗನ ಸಾಮಾನಿಗೆಲ್ಲಾ ಅಲ್ಲೆ ಅಕಿನ ಮಾಲಕಿ ಆಗಿದ್ಲು, ಬೇಕಂದ್ರ ಅಳಸಲಿಕ್ಕೂ ಬರತಿತ್ತು. "ಅವ್ವ" ಫೋಲ್ಡರ್ ಮ್ಯಾಲೆ ಮಾತ್ರ ಒಂದು ಗುರುತು ಬಂದು ಕೂತು, ತಗೀಲೇ ಇಲ್ಲ. ಮಾಲಕರು ಯಾರು ಅಂತ ನೋಡಿದ್ರ, ನಗಬ್ಯಾಡ್ರಿ, ನನ್ನ ತಂಗಿ ಗಂಡನ ಹೆಸರು! ಮಗಳು ಅಪ್ಪಗ ಪೇಪರ್ ಓದಲಿಕ್ಕೆ ಅಂತ ಎರಡನೇ ಖಾತೆ ಮಾಡಿ ಕೊಟ್ಟಿದ್ಲು. ಅಲ್ಲೆ ಅವರು 1001. ಪಾತ್ರಿ ಮ್ಯಾಲಿನ ನಂಬರ ಅದ, ಆದ್ರ ಯಾವ ನಂಬರ ಯಾರದು ಅನ್ನೂ ಪಟ್ಟಿ ಮನಿಮನಿಗೆ ಬ್ಯಾರೆ.

ತಂಗಿ ಒಳಗಿಂದ ಬಂದು ನೋಡಿ, "ಅಂತೂ ಅವ್ವನ ಆಸ್ತಿ ಅಳಿಯಗ ಮುಟ್ಟಿತು" ಅಂದ್ಲು. ನಾಲ್ಕು ವರ್ಷದ ಮ್ಯಾಲೆ ಇಬ್ಬರೂ ಕೂಡಿ ನಕ್ಕಿದ್ದು ಅದ ಮೊದಲ.

ತಂಗಿ ಗಂಡ ತಮ್ಮ ಖಾತೆಯಿಂದ ಹೋಗಿದ್ರ ಸರಳ ತಗೀತಿತ್ತು, ಆದ್ರ ಅವರು ಮನ್ಯಾಗ ಇರ್ಲಿಲ್ಲ, ಪಾಸ್‌ವರ್ಡ್ ಅವರಿಗೂ ನೆನಪಿರ್ಲಿಲ್ಲ ಅನ್ನೂದು ಬ್ಯಾರೆ ಮಾತು. ಹುಡಿಗಿ ಒಂದು ಕರೀ ಕಿಡಕಿ ತಗದು, ಸುಡೊ, ಚೌನ್ ಅಂತ ಏನೋ ಒಂದು ಸಾಲು ಹೊಡದು, ತನ್ನ ಪಾಸ್‌ವರ್ಡ್ ಹಾಕಿದ್ಲು. ಅಷ್ಟ. ಫೋಲ್ಡರ್ ತಗದು ಬಿತ್ತು. ನಾ ಗಾಬರಿ ಆದೆ. ಇಷ್ಟ ದಿನ ಕೀಲಿ ಅಂತ ನಂಬಿದ್ದು ಬರೇ ಚಿಲಕ! ಅಕಿ ಹೇಳಿದ್ಲು, ಒಂದೊಂದು ಕಂಪ್ಯೂಟರಿಗೂ ರೂಟ್ ಅಂತ ಒಬ್ಬ ಹಿರಿಯಾ ಇರ್ತಾನಂತ, ಅವನ ನಂಬರ ಸೊನ್ನಿ, ಅವಂಗ ಈ ಪರ್ಮಿಶನ್ ಅಡ್ಡ ಬರಂಗಿಲ್ಲಂತ. ತನ್ನ ಸ್ವಂತ ಲ್ಯಾಪ್‌ಟಾಪ್ ಇದ್ದಾಕಿ ಆ ಹಿರಿಯಾನ ಅಧಿಕಾರ ತೊಗೊಂಡು ಯಾರ ಪೆನ್ ಡ್ರೈವ್ ಬೇಕಾದ್ರೂ ತಗೀಬಹುದು. ನಿಜವಾದ ಕೀಲಿ ಬೇಕಂದ್ರ ಫಾರ್ಮ್ಯಾಟ್ ಮಾಡೂವಾಗನ ಪಾಸ್‌ವರ್ಡ್ ಹಾಕಿಸಬೇಕು. ಅದಕ್ಕ ಲಕ್ಸ್ ಅಂತಾರಂತ, ಸಾಬೂನು ಅಲ್ಲ. ಅದರ ಪಾಸ್‌ವರ್ಡ್ ಮರತ್ರ ಮಾತ್ರ ದೇವರು ಬಂದ್ರೂ ತಗೀಲಿಕ್ಕೆ ಆಗಂಗಿಲ್ಲ. ಬ್ಯಾಂಕಿನ ಕಾಗದ, ಆಧಾರ್ ಪ್ರತಿ ಪೆನ್ ಡ್ರೈವಿನ್ಯಾಗ ಇಟಗೊಂಡು ತಿರಗಾವರು ಇದನ್ನ ವಿಚಾರ ಮಾಡ್ರಿ.

ಹಾಡು ಒಂದೊಂದ ಹಚ್ಚಿದ್ಲು. ತಂಗಿ ಕೈಯಾಗಿನ ಹೂರಣದ ಪಾತ್ರಿ ಕೆಳಗ ಇಟ್ಟು ಕೂತ್ಲು. 31ನೇದು ಬರೂವಾಗ ನಾ "ಸಾಕು, ಚಹಾ ಕುಡಿಯೂಣು" ಅಂದೆ. ಹುಡಿಗಿ ಕೇಳಲಿಲ್ಲ. ಅವ್ವ ಹಾಡಿದ್ಲು, ನಿಂತ್ಲು, ಅಕ್ಕಿ ಸಪ್ಪಳ ಬಂತು, ಸಣ್ಣಾಕಿನ್ನ ಕೇಳಿಕೋ ಅಂದ್ಲು.

ತಂಗಿ ನನ್ನ ಮಾರಿ ನೋಡಲಿಲ್ಲ. "ಐದು ವರ್ಷ ಇದನ್ನ ಕೀಲಿ ಹಾಕಿ ಇಟ್ಟಿದ್ಯಾ ಅಕ್ಕಾ? ಅವ್ವ ನಿನಗ ಒಬ್ಬಾಕಿಗೆ ಅವ್ವ ಏನು?" ಅಂದ್ಲು. ನನ್ನ ಹತ್ರ ಉತ್ತರ ಇರ್ಲಿಲ್ಲ. ಮೊಮ್ಮಗನ ಮ್ಯಾಲೆ ಹಾಕಬೇಕು ಅಂತ ನಾಲಗಿ ತುದಿ ತನಕ ಬಂದಿತ್ತು, ನುಂಗಿಕೊಂಡೆ. ಅಕಿ ಎದ್ದು ಒಳಗ ಹೋದ್ಲು. ಭಾಳ ಹೊತ್ತು ನಲ್ಲಿ ನೀರಿನ ಸಪ್ಪಳ. ಆಮ್ಯಾಲೆ ಅಡಗಿ ಮನ್ಯಾಗಿಂದನ ಅವ್ವ ಬಿಟ್ಟ ಜಾಗದಿಂದ ಹಾಡು ಶುರು ಆತು. ದನಿ ಥೇಟ ಅವ್ವಂದ. ಹುಡಿಗಿ ಓಡಿಹೋಗಿ ಮೊಬೈಲ್ ಹಿಡಿದ್ಲು.

ಊರಿಗೆ ಬಂದು ಪೆನ್ ಡ್ರೈವ್ ಚುಚ್ಚಿದ್ರ ನನ್ನ ಖಾತೆಗೆ "ಅವ್ವ" ಫೋಲ್ಡರ್ ತಗೀವಲ್ದು. ಬೆಳಗಾವ್ಯಾಗ ಅದನ್ನ 1000ಕ್ಕ ಬದಲಿ ಮಾಡ್ಯಾರ, ನಮ್ಮ ಮನ್ಯಾಗ 1000 ಅಂದ್ರ ಮಗ. ನಾ ಹಾಕಿಸಿದ ಚಿಲಕ ನನಗ ಬಿತ್ತು. ಮಗಗ ಫೋನ್ ಮಾಡಿದ್ರ ಹೊಟ್ಟಿ ಹಿಡಕೊಂಡು ನಕ್ಕ. ಮಾಲಕರನ್ನ ಬದಲಿ ಮಾಡೂ ಬದಲಿ ಅಕಿ ಆ ಹಿರಿಯಾನ ಅಧಿಕಾರದಿಂದ ಬರೇ ಪ್ರತಿ ತಕ್ಕೊಂಡಿದ್ರ ಸಾಕಿತ್ತಂತ.

ದೀಪಾವಳಿಗೆ ಬಂದಾಗ ಎಲ್ಲಾ ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಪೆನ್ ಡ್ರೈವ್ ಎಕ್ಸ್‌ಫ್ಯಾಟ್ ಪದ್ಧತಿಗೆ ಮಾಡಿ ಕೊಟ್ಟ. ಅದರಾಗ 4 ಜಿಬಿ ತಕರಾರೂ ಇಲ್ಲ, ಮಾಲಕರ ನಂಬರೂ ಇಲ್ಲ. ವಿಂಡೋಸಿನ್ಯಾಗೂ ನಡೀತದ, ಲಿನಕ್ಸಿನ್ಯಾಗೂ ನಡೀತದ. ಇಎಕ್ಸ್‌ಟಿ4 ಪೆನ್ ಡ್ರೈವನ್ನ ವಿಂಡೋಸಿಗೆ ಚುಚ್ಚಿದ್ರ ಅದಕ್ಕ ತಿಳಿಯಂಗಿಲ್ಲ, ಫಾರ್ಮ್ಯಾಟ್ ಮಾಡ್ಲೇನು ಅಂತ ಕೇಳ್ತದ. ಹೂಂ ಅಂದ್ರೋ, ಎಲ್ಲಾ ಹೋತು. ಹಂಗ ಕೇಳಿದ್ರ ಸುಮ್ನ ತಗದು ಬಿಡ್ರಿ. ಎಕ್ಸ್‌ಫ್ಯಾಟ್‌ದು ಒಂದ ದೋಷ, ಇಜೆಕ್ಟ್ ಕೊಡದ ಜಗ್ಗಿ ತಗದ್ರ ಇಎಕ್ಸ್‌ಟಿ4ಕ್ಕಿಂತ ಲಗೂನ ಕೆಡ್ತದಂತ. ಅವಸರದಾಕಿ ನಾನು, ಅದಕ್ಕ ಅದರ ಟೊಪಗಿ ಮ್ಯಾಲೆ ಕೆಂಪು ದಾರ ಕಟ್ಟೀನಿ, ನೆನಪಾಗಲಿ ಅಂತ.

ಈಗ ಅಂಥಾದ ಒಂದು ತಂಗಿ ಹತ್ರನೂ ಅದ. 43 ಇದ್ದದ್ದು 44 ಆಗ್ಯಾವ. ಆದ್ರ ತಂಗಿಗೂ ಆ ಉರುಟಣಿ ಹಾಡಿನ ಕಡೀ ಎರಡು ನುಡಿ ನೆನಪಿಲ್ಲ. ಹಾವೇರಿ ವೈನಿಗೆ ಬಂದ್ರೂ ಬರಬಹುದು ಅಂತಾಳ. ಗಂಡನ ಕೈಗೆ ಅರಿಷಿಣ ಹಚ್ಚೂವಾಗ ಅತ್ತಿಗಿ ಹೆಸರು ಹಿಡದು ಕಾಡಸೂ ಹಾಡದು. ವೈನಿ, ಬರ್ತಿದ್ರ ಫೋನಿನ್ಯಾಗ ಹಾಡಿ ಕಳಸ್ರಿ. ಮದವಿ ಮಾರ್ಗಶಿರದಾಗ ಅದ, ಚಟ್ನಿಪುಡಿ ನಾನ ತೊಗೊಂಡ ಬರ್ತೀನಿ.