ಇಂಗಿಗೆ ಬಗ್ಗದ ಹೊಟ್ಟೆನೋವು

ಕಳೆದ ಮಾಘ ಮಾಸದ ಒಂದು ರಾತ್ರಿ, ಮಾನೇಸರಿನ ನಮ್ಮ ಬಾಡಿಗೆ ಮನೆಯಲ್ಲಿ ಎಂಟು ತಿಂಗಳ ಮಗು ಇದ್ದಕ್ಕಿದ್ದಂತೆ ಕಿರುಚಿ ಕಾಲುಗಳನ್ನು ಹೊಟ್ಟೆಗೆ ಮಡಚಿಕೊಂಡಿತು. ಎರಡು ನಿಮಿಷದಲ್ಲಿ ಸುಮ್ಮನಾಯಿತು. ಕಾಲು ಗಂಟೆಗೆ ಮತ್ತೆ ಅದೇ ಕೂಗು. ಊರಿನಿಂದ ಬಂದಿದ್ದ ಅಮ್ಮ ಹೊಕ್ಕುಳ ಸುತ್ತ ಇಂಗು ಹಚ್ಚಿದರು, ದೃಷ್ಟಿ ತೆಗೆದರು. ನಾನು "ಬೆಳಗಾಗಲಿ, ನೋಡೋಣ" ಎಂದೆ. ನಸುಕಿನಲ್ಲಿ ಮಗು ವಾಂತಿ ಮಾಡಿ ಸೊರಗಿತು. ಬಟ್ಟೆಯಲ್ಲಿ ರಕ್ತ ಬೆರೆತ ಲೋಳೆ ಕಂಡಾಗ ನನಗೆ ಕೈಕಾಲು ಆಡದಾಯಿತು.

ಆಸ್ಪತ್ರೆಯಲ್ಲಿ ಅಲ್ಟ್ರಾಸೌಂಡ್ ಮಾಡಿದ ವೈದ್ಯರು ತಮ್ಮ ಅಂಗಿಯ ತೋಳನ್ನು ಒಳಕ್ಕೆ ಮಡಚಿ ತೋರಿಸಿದರು: ಕರುಳಿನ ಒಂದು ಭಾಗ ಮುಂದಿನ ಭಾಗದೊಳಕ್ಕೆ ಹೀಗೆ ಜಾರಿ ಸಿಕ್ಕಿಕೊಂಡಿದೆ. ಇಂಟಸಸೆಪ್ಷನ್ ಎಂದು ಅದರ ಹೆಸರು.

"ಹೊಟ್ಟೆ ಕೊಯ್ಯಬೇಕೇ?"

"ಮೊದಲು ಗಾಳಿಯಿಂದ ಪ್ರಯತ್ನಿಸೋಣ."

ಗುದದ್ವಾರದಲ್ಲಿ ನಳಿಕೆಯಿಟ್ಟು, ಒತ್ತಡ ಅಳೆಯುತ್ತ, ಎಕ್ಸ್‌ರೇ ಪರದೆಯಲ್ಲಿ ನೋಡುತ್ತ, ಗಾಳಿ ತುಂಬಿ ಕರುಳನ್ನು ಹಿಂದಕ್ಕೆ ಸರಿಸುತ್ತಾರೆ. ಉಪ್ಪುನೀರಿನಿಂದಲೂ ಮಾಡುವುದುಂಟು. ಡೆನ್ಮಾರ್ಕಿನ ವೈದ್ಯ ಹಿರ್ಷ್‌ಸ್ಪ್ರುಂಗ್ 1876ರಲ್ಲೇ ನೀರಿನ ಒತ್ತಡದ ಈ ಕ್ರಮವನ್ನು ವರದಿ ಮಾಡಿದ್ದರು. ಕರುಳು ತೂತಾಗಿದ್ದರೆ ಇದು ಸಲ್ಲದು. ತಡವಾದಷ್ಟೂ ಫಲಿಸುವುದು ಕಡಮೆ. ಆದ್ದರಿಂದ ಶಸ್ತ್ರವೈದ್ಯರೂ ಸಿದ್ಧರಾಗಿದ್ದರು.

ಪುಣ್ಯಕ್ಕೆ ಅವರ ಕತ್ತರಿಗೆ ಕೆಲಸ ಬೀಳಲಿಲ್ಲ. ಸುಮಾರು ಹತ್ತರಲ್ಲಿ ಒಂದು ಮಗುವಿಗೆ ಮರುಕಳಿಸಬಹುದೆಂದು ಒಂದು ದಿನ ಅಲ್ಲೇ ಇರಿಸಿಕೊಂಡು ಕಳುಹಿಸಿದರು.

ಇಂಗಿನ ಡಬ್ಬಿ ಈಗಲೂ ನಮ್ಮ ಮನೆಯಲ್ಲಿದೆ. ಅಮ್ಮನನ್ನು ನಾನು ದೂರುವುದಿಲ್ಲ. ಆದರೆ ಬಿಟ್ಟು ಬಿಟ್ಟು ಕಿರುಚುವ ಕೂಸು ವಾಂತಿ ಮಾಡಿದರೆ, ಮಂಕಾದರೆ, ರಕ್ತ ಕಾಣುವವರೆಗೆ ಕಾಯಬಾರದು. ಆ ರಾತ್ರಿ "ಬೆಳಗಾಗಲಿ" ಎಂದವನು ನಾನೇ.