ಏರಲು ದಿಬ್ಬವಿಲ್ಲದ ನಾಡು

ನಾನು ಹುಟ್ಟಿದ ಬಸವಕಲ್ಯಾಣವಾಗಲಿ, ಪಾಠ ಹೇಳಿದ ಹುಮನಾಬಾದಾಗಲಿ ಕಡಲಿಗೆ ಬಹುದೂರ. ಸಮುದ್ರಮಟ್ಟಕ್ಕಿಂತ 600 ಮೀಟರಿಗೂ ಎತ್ತರ. ಮಳೆಗಾಗಿ ಮುಗಿಲು ನೋಡುವ ನಮಗೆ ನೀರೇ ಹಗೆಯಾದೀತೆಂಬುದು ಸುಲಭವಾಗಿ ತೋಚದು. ಆದರೂ ನೆರೆಯ ಕಾರಂಜಾ ಜಲಾಶಯದ ದಂಡೆಯಲ್ಲಿ ನಿಂತಾಗಲೆಲ್ಲ ನನಗೆ ಶಾಂತಸಾಗರದ ಟುವಾಲು ನೆನಪಾಗುತ್ತದೆ.

ಒಂಬತ್ತು ಹವಳದ ದ್ವೀಪಗಳ ಆ ದೇಶದ ಜನ ಸುಮಾರು 10 ಸಾವಿರ. ಹುಮನಾಬಾದ್ ಪಟ್ಟಣದ ಕಾಲುಭಾಗದಷ್ಟು. ನೆಲದ ಬಹುಭಾಗ ಕಡಲಿಗಿಂತ ಎರಡು ಮೂರು ಮೀಟರಷ್ಟೇ ಎತ್ತರ. ಭೂಮಿಯ ತಾಪ ಹೆಚ್ಚಿದಂತೆ ಹಿಮರಾಶಿ ಕರಗುತ್ತದೆ. ಕಾದ ಕಡಲನೀರೂ ಹಿಗ್ಗುತ್ತದೆ. ಮನೆ ಮುಳುಗುವುದು ಕಡೆಯ ಮಾತು. ಅದಕ್ಕೂ ಮೊದಲೇ ಉಪ್ಪುನೀರು ನೆಲದಡಿಯಿಂದ ಜಿನುಗಿ, ಕೆಸುವಿನ ಗಡ್ಡೆ ಬೆಳೆಯುವ ಗುಂಡಿಗಳನ್ನು ಸೇರುತ್ತದೆ. ಕುಡಿಯಲು ಮಳೆನೀರೇ ಮುಖ್ಯ ಆಸರೆ. ಮುಗಿಲು ನೋಡುವುದರಲ್ಲಿ ಅವರೂ ನಮ್ಮಂತೆಯೇ!

ಕಾರಂಜಾ ಅಣೆಕಟ್ಟಿನಿಂದ ಇಲ್ಲಿಯೂ ಹಳ್ಳಿಗಳು ಮುಳುಗಿದವು. ನ್ಯಾಯವಾದ ಪರಿಹಾರಕ್ಕಾಗಿ ರೈತರು ದೀರ್ಘಕಾಲ ಧರಣಿ ಕುಳಿತರು. ಆ ದುಃಖವನ್ನು ಹಗುರವಾಗಿ ಎಣಿಸಲಾಗದು. ಆದರೂ ಅವರು ಬಂಡಿ ಹೂಡಿ ಮೇಲಿನ ನೆಲಕ್ಕೆ ಬರಬಹುದಾಗಿತ್ತು. ಅಲ್ಲಿಯೂ ತಮ್ಮದೇ ನುಡಿ, ಅದೇ ಜೋಳದ ರೊಟ್ಟಿ, ಅದೇ ಸಂತೆ. ಟುವಾಲುವಿನವರಿಗೆ ಅಂಥ ದಿಬ್ಬವೇ ಇಲ್ಲ.

2023ರಲ್ಲಿ ಆಸ್ಟ್ರೇಲಿಯದೊಡನೆ ಆದ ಒಪ್ಪಂದದಂತೆ ವರ್ಷಕ್ಕೆ 280 ಮಂದಿ ಅಲ್ಲಿಗೆ ಹೋಗಿ ನೆಲೆಸಬಹುದು. ಆರಿಸುವುದು ಚೀಟಿ ಎತ್ತುವ ಕ್ರಮದಿಂದ. 2025ರಲ್ಲಿ ಮೊದಲ ಬಾರಿಗೆ ಅರ್ಜಿ ಕರೆದಾಗ, ಮನೆಮಂದಿಯನ್ನೂ ಸೇರಿಸಿ ದೇಶದ ಬಹುಪಾಲು ಜನ ಹೆಸರು ಬರೆಸಿದ್ದರು.